ಕಾಲು ಸುತ್ತಿಗೆ ನಿಲ್ಲುತ್ತಿದ್ದ ರೀಲು

ಬೆಳಗಾವಿಗೆ ಹೋದರೆ ಕ್ಯಾಂಪ್ ಕಡೆಯ ಒಂದು ಗುಜರಿ ಅಂಗಡಿಗೆ ಇಣುಕದೆ ನಾನು ಬಸ್ ಹತ್ತುವುದಿಲ್ಲ. ಬ್ರಿಟಿಷರ ಕಾಲದಿಂದ ದಂಡು ಬೀಡುಬಿಟ್ಟ ಊರು ಅದು. ಹಳೆ ಬಂಗಲೆಯೊಂದು ಖಾಲಿಯಾದರೆ ಅಲ್ಲಿನ ಸಾಮಾನು ಎಲ್ಲಾದರೂ ಹೊರಬೀಳಲೇಬೇಕು. ಹೋದ ಆಗಸ್ಟಿನಲ್ಲಿ, ಜಿಟಿಜಿಟಿ ಮಳೆಯಲ್ಲಿ, ತುಕ್ಕು ಹಿಡಿದ ಪಂಪ್ ಸ್ಟೋವ್‌ಗಳ ಅಡಿಯಲ್ಲಿ ಒಂದು ಕಟ್ಟಿಗೆಯ ಗಾಲಿ ಕಂಡಿತು, ಮೀನಿನ ಗಾಳದ ದಾರ ಸುತ್ತುವ ರೀಲು. ಅಂಗೈಯಷ್ಟು ಅಗಲ. ಹಿಂದೆ ನಾಲ್ಕು ಕೈಯ ಹಿತ್ತಾಳೆ ನಕ್ಷತ್ರ. ಮುಂದೆ ಒಂದೇ ಒಂದು ಹಿಡಿಕೆ. ಇನ್ನೊಂದು ಹಿಡಿಕೆ ಇದ್ದ ಜಾಗದಲ್ಲಿ ಬರೀ ತೂತು.

ಅಂಗಡಿಯವರು ಅದನ್ನು ಗಾಳಿಪಟದ ದಾರ ಸುತ್ತುವ ಗಾಲಿ ಅಂದುಕೊಂಡಿದ್ದರು. ನಾನು ಅದನ್ನು ತಿರುಗಿಸಿ ತಿರುಗಿಸಿ ನೋಡಿದ್ದೇ ತಪ್ಪಾಯಿತು. ಎರಡು ನಿಮಿಷದಲ್ಲಿ ಅದು 'ಸಾಹೇಬರು ಮಹಶೀರ್ ಹಿಡಿದ ರೀಲ್' ಆಗಿಬಿಟ್ಟಿತು. ಮುನ್ನೂರು ಇದ್ದ ಬೆಲೆ ಒಂಬೈನೂರಕ್ಕೆ ಏರಿತು. ಮಹಶೀರ್ ಅಂದರೆ ದೊಡ್ಡ ಹೊಳೆಮೀನು. ಆ ಮಾತು ನಾನು ನಂಬಲಿಲ್ಲ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕಬಿನಿಯಲ್ಲಿ ಹಿಡಿದ ಮಹಶೀರ್ 120 ಪೌಂಡ್ ತೂಗಿತ್ತು, ಅಂದರೆ ಸುಮಾರು 54 ಕಿಲೋ. ಅಂಥ ಮೀನು ಒಮ್ಮೆ ಎಳೆದರೆ ಈ ಕಟ್ಟಿಗೆಯ ಗಾಲಿ ಚೂರುಚೂರಾಗುತ್ತದೆ. ಆದರೂ ಒಂಬೈನೂರು ಕೊಟ್ಟೆ. ಕೊಡದೆ ಬಂದಿದ್ದರೆ ಯರಗಟ್ಟಿ ದಾಟುವಷ್ಟರಲ್ಲಿ ಪಶ್ಚಾತ್ತಾಪ ಶುರುವಾಗುತ್ತಿತ್ತು.

ಇದಕ್ಕೆ ನಾಟಿಂಗ್‌ಹ್ಯಾಮ್ ರೀಲ್ ಅನ್ನುತ್ತಾರೆ. ಹಿಂದಿನ ನಕ್ಷತ್ರದಿಂದಾಗಿ ಸ್ಟಾರ್‌ಬ್ಯಾಕ್ ಅನ್ನುವ ಅಡ್ಡಹೆಸರೂ ಇದೆ. ನಾಟಿಂಗ್‌ಹ್ಯಾಮ್ ಇಂಗ್ಲೆಂಡಿನ ಟ್ರೆಂಟ್ ನದಿಯ ದಂಡೆಯ ಊರು. ಅಲ್ಲಿನವರು ಗಾಳದ ಬೆಂಡನ್ನು ಹರಿವಿನ ಜೊತೆ ದೂರ ತೇಲಿಬಿಡುತ್ತಿದ್ದರು. ಅದಕ್ಕೆ ತಡೆಯಿಲ್ಲದೆ ತಿರುಗುವ ಗಾಲಿ ಬೇಕಿತ್ತು. ವಾಲ್ನಟ್ ಅಥವಾ ಮಹಾಗನಿ ಕಟ್ಟಿಗೆಯಲ್ಲಿ ಕಡೆದರು. ಕಟ್ಟಿಗೆ ಸೊಟ್ಟ ಆಗಬಾರದು ಅಂತ ಹಿಂದಿನ ತಟ್ಟೆಗೆ ಹಿತ್ತಾಳೆಯ ನಕ್ಷತ್ರ ಬಿಗಿದರು. 19ನೇ ಶತಮಾನದ ಕೊನೆಯಲ್ಲಿ, 20ನೇ ಶತಮಾನದ ಮೊದಲ ದಶಕಗಳಲ್ಲಿ ಇವು ಅಲ್ಲಿ ಎಲ್ಲ ಅಂಗಡಿಯಲ್ಲೂ ಸಿಗುವ ಸಾಮಾನು. ಬಹಳಷ್ಟು ರೀಲುಗಳ ಮೇಲೆ ಮಾಡಿದವರ ಹೆಸರೇ ಇರುವುದಿಲ್ಲ. ನನ್ನದರ ಮೇಲೂ ಇಲ್ಲ.

ಹೊಸದಾಗಿ ಮಾಡಿ, ಕಪ್ಪು ಬಳಿದು, ಹಳೆಯದು ಅಂತ ಮಾರುವವರೂ ಇದ್ದಾರೆ. ಹಾಗಾಗಿ ದುಡ್ಡು ಕೊಡುವ ಮೊದಲು ನಾನು ನೋಡುವುದು ಸ್ಕ್ರೂಗಳನ್ನು. ಪ್ಲಸ್ ತಲೆಯ ಸ್ಕ್ರೂ ಬಳಕೆಗೆ ಬಂದಿದ್ದೇ 1930ರ ದಶಕದಲ್ಲಿ. ರಾಣಿ ವಿಕ್ಟೋರಿಯಾ ಕಾಲದ್ದು ಅನ್ನುವ ರೀಲಿನಲ್ಲಿ ಪ್ಲಸ್ ಸ್ಕ್ರೂ ಕಂಡರೆ ಸುಮ್ನೆ ಕೆಳಗಿಟ್ಟು ಬನ್ನಿ. ನನ್ನದರಲ್ಲಿ ಎಲ್ಲವೂ ಒಂದೇ ಗೀರಿನ ತಲೆಯವು. ಗೀರು ಒಂದರಲ್ಲೂ ಸರಿಯಾಗಿ ನಡುಮಧ್ಯ ಇರಲಿಲ್ಲ. ಹಿಡಿಕೆಯ ಸುತ್ತ ಹಿತ್ತಾಳೆ ಬೆರಳು ತಾಗಿ ತಾಗಿ ಸವೆದಿತ್ತು. ಇಂಥ ಸವೆತವನ್ನು ಬಣ್ಣ ಬಳಿದು ತರುವುದು ಕಷ್ಟ.

ಆಗಸ್ಟ್, ಮನೆಗೆ ಬಂದ ರಾತ್ರಿ

ನವನಗರದ ಮನೆಯಲ್ಲಿ ದೀಪದ ಕೆಳಗಿಟ್ಟು ನೋಡಿದೆ. ಗಾಲಿ ತಿರುಗುವುದಿಲ್ಲ. ಅಂದರೆ ತಿರುಗುತ್ತದೆ, ಕಾಲು ಸುತ್ತು ಮಾತ್ರ. ಆಮೇಲೆ ಟಕ್ಕನೆ ಹಿಡಿದುಕೊಳ್ಳುತ್ತದೆ. ಹಿಂದಕ್ಕೆ ತಂದರೆ ಮತ್ತೆ ಸಡಿಲ. ಆ ಕಡೆ ಕಾಲು ಸುತ್ತು ತಿರುಗಿಸಿದರೆ ಮತ್ತೆ ಬಿಗಿ.

ಮೊದಲ ಅನುಮಾನ ನಡುವಿನ ಉಕ್ಕಿನ ಕಡ್ಡಿ ಬಾಗಿದೆ ಅಂತ. ಆದರೆ ಬಾಗಿದ ಕಡ್ಡಿ ಒಂದು ಸುತ್ತಿಗೆ ಒಂದು ಸಲ ಹಿಡಿಯಬೇಕು. ಇದು ಎರಡು ಸಲ, ಎದುರುಬದುರು ಜಾಗದಲ್ಲಿ ಹಿಡಿಯುತ್ತಿತ್ತು. ಗಾಲಿಯ ಅಂಚಿಗೆ ಸೀಮೆಸುಣ್ಣ ತಿಕ್ಕಿ ಮತ್ತೆ ತಿರುಗಿಸಿದೆ. ಸುಣ್ಣ ಅಳಿಸಿದ್ದು ಎರಡೇ ಕಡೆ. ಕೆಲಸ ಮಾಡುವ ಕಾಲೇಜಿನ ಲ್ಯಾಬಿನಿಂದ ಮಾರನೇ ದಿನ ವರ್ನಿಯರ್ ಕ್ಯಾಲಿಪರ್ ತಂದು ಅಳೆದೆ. ಕಟ್ಟಿಗೆಯ ಎಳೆಯ ಉದ್ದಕ್ಕೆ 101.5 ಮಿಲಿಮೀಟರ್. ಎಳೆಗೆ ಅಡ್ಡಲಾಗಿ 102.6. ದುಂಡಗೆ ಕಡೆದ ಗಾಲಿ ತತ್ತಿಯಾಗಿತ್ತು!

ಕಟ್ಟಿಗೆ ತೇವ ಕುಡಿದರೆ ಎಳೆಗೆ ಅಡ್ಡಲಾಗಿ ಉಬ್ಬುತ್ತದೆ, ಉದ್ದಕ್ಕೆ ಉಬ್ಬುವುದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಮಳೆಗಾಲದಲ್ಲಿ ಬಾಗಿಲು ಅಗಲಕ್ಕೆ ಬಿಗಿಯಾಗುತ್ತದಲ್ಲ, ಅದೇ ಕತೆ. ಇಲ್ಲಿ ಗಾಲಿಯೂ ಕಟ್ಟಿಗೆ, ಅದು ಕೂರುವ ಹಿಂದಿನ ತಟ್ಟೆಯೂ ಕಟ್ಟಿಗೆ. ಎರಡೂ ತತ್ತಿ ಆಗಿವೆ. ಎರಡರ ಎಳೆ ಸಾಲಾಗಿ ನಿಂತರೆ ತತ್ತಿಯೊಳಗೆ ತತ್ತಿ ಸರಿಯಾಗಿ ಕೂರುತ್ತದೆ. ಕಾಲು ಸುತ್ತು ತಿರುಗಿಸಿದರೆ ಎಳೆ ಅಡ್ಡಡ್ಡ ಬಂದು ಸಿಕ್ಕಿಕೊಳ್ಳುತ್ತದೆ. ಇದು ಹೊಳೆದಾಗ ರಾತ್ರಿ ಹನ್ನೊಂದಾಗಿತ್ತು. ಖುಷಿಗೆ ಅವ್ವನನ್ನು ಎಬ್ಬಿಸಿ ಹೇಳಿದೆ. ಆಕೆ "ಮಕ್ಕೋ" ಅಂದಳು.

ಪರಿಚಯದ ಬಡಿಗೇರ ಒಬ್ಬರಿಗೆ ತೋರಿಸಿದೆ. ಪಾಲಿಷ್ ಪೇಪರ್ ಹಾಕಿ ಅಂಚು ಉಜ್ಜಿದರೆ ಹತ್ತು ನಿಮಿಷದ ಕೆಲಸ ಅಂದರು. ಕೈ ತುರಿಸಿತು. ಉಜ್ಜುವ ಮೊದಲು ಕಾಕಾನಿಗೊಂದು ಸಲ ತೋರಿಸೋಣ ಅನ್ನಿಸಿತು.

ನಮ್ಮ ಕಾಕಾ ಗಡಿಯಾರ ರಿಪೇರಿಯವರು. ಹಳೆ ಬಾಗಲಕೋಟೆಯ ಪೇಟೆಯಲ್ಲಿ ಅವರದೊಂದು ಚಿಕ್ಕ ಅಂಗಡಿ ಇತ್ತು. ಆಲಮಟ್ಟಿಯ ಹಿನ್ನೀರು ಬಂದ ಮೇಲೆ ಅಂಗಡಿ ಹೋಯಿತು. ಪರಿಹಾರದ ಹಣದಲ್ಲಿ ಇಲ್ಲೊಂದು ಕೋಣೆ ಕಟ್ಟಿಕೊಂಡರು. ಈಗ ರಿಪೇರಿಗೆ ಬರುವವರು ವಾರಕ್ಕೆ ಒಬ್ಬಿಬ್ಬರು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ ಕೂರುವುದು ಮಾತ್ರ ಬಿಟ್ಟಿಲ್ಲ.

"ಇದನ್ನ ಎಲ್ಲಿಂದ ತಂದಿ?" ಅಂದರು.

"ಬೆಳಗಾವಿ, ಕಾಕಾ."

"ಅಲ್ಲಿ ಮಳಿ ಹೆಂಗೈತಿ?"

"ಹಿಡಕೊಂಡು ಬಿಟ್ಟಿಲ್ಲ."

"ಹಂಗಾದ್ರ ಒಂದೂವರಿ ತಿಂಗಳು ಕಪಾಟಿನ್ಯಾಗ ಇಡು. ಇಲ್ಲಿ ಗಾಳಿ ಒಣಾ ಐತಿ. ಅದು ತಾನಾ ಬಿಡ್ತದ. ಈಗ ಉಜ್ಜಿದಿ ಅಂದ್ರ ಬ್ಯಾಸಗ್ಯಾಗ ಗಳಗಳ ಅಂತದ. ಅವಸರ ನಿನಗೈತಿ ತಮ್ಮಾ, ಕಟಗಿಗಿಲ್ಲ."

ಮಾತು ಸರಿಯೇ ಇತ್ತು. ಬೆಳಗಾವಿಯ ಮಳೆ ನಮ್ಮ ಮಳೆಯ ದುಪ್ಪಟ್ಟಿಗೂ ಜಾಸ್ತಿ. ಆ ತೇವ ಕುಡಿದ ಕಟ್ಟಿಗೆಯನ್ನು ಅದೇ ಅಳತೆಗೆ ಉಜ್ಜಿದರೆ ಬೇಸಿಗೆಯಲ್ಲಿ ಗಾಲಿ ಕುಣಿಯುತ್ತದೆ. ನಾನು ತಲೆಯಾಡಿಸಿ ಬಂದೆ. ಬಂದು ಮಾಡಿದ್ದೇನು? ಕಾಕಾ ಹೇಳಿದ್ದು ಒಣಗಲಿ ಅಂತ ತಾನೇ, ಬಿಸಿಲಿಗಿಟ್ಟರೆ ಬೇಗ ಒಣಗುತ್ತದಲ್ಲ ಅಂದುಕೊಂಡೆ. ಎಳೆ ಸಾಲಾಗಿ ನಿಲ್ಲಿಸಿ, ಮುಂದಿನ ನಟ್ ಬಿಚ್ಚಿ ಗಾಲಿ ಎಳೆದುಕೊಂಡೆ. ನಕ್ಷತ್ರ ಬಿಗಿದೇ ಇದ್ದ ಹಿಂದಿನ ತಟ್ಟೆಯನ್ನು ಮಾಳಿಗೆಯ ಮೇಲೆ ಬಿಸಿಲಿಗಿಟ್ಟು ಊಟಕ್ಕೆ ಕೂತೆ. ಎರಡು ತಾಸು ಬಿಟ್ಟು ಹೋದರೆ ಅಂಚಿನಿಂದ ಒಂದು ಸ್ಕ್ರೂವರೆಗೆ ಕೂದಲೆಳೆಯ ಬಿರುಕು.

ಕಟ್ಟಿಗೆ ಕುಗ್ಗಲು ನೋಡಿದೆ, ಹಿತ್ತಾಳೆ ಬಿಟ್ಟಿಲ್ಲ. ನಾಲ್ಕು ಕೈಯಿಂದ ಹಿಡಿದು ನಿಲ್ಲಿಸಿದೆ. ಮೇಲ್ಮೈ ಬೇಗ ಒಣಗಿ, ಒಳಗೆ ಹಸಿ ಉಳಿದು, ಎಲ್ಲಿ ಬಲ ಕಡಿಮೆಯೋ ಅಲ್ಲಿ ಸೀಳಿತು. ನೂರು ವರ್ಷದಷ್ಟು ಹಳೆಯದಿರಬಹುದಾದ ತಟ್ಟೆಯನ್ನು ನಾನು ಒಂದು ಊಟದ ಹೊತ್ತಿನಲ್ಲಿ ಸೀಳಿದ್ದೆ. ಕಾಕಾನಿಗೆ ಎರಡು ವಾರ ಮುಖ ತೋರಿಸಲಿಲ್ಲ.

ನಕ್ಷತ್ರ ಬಿಚ್ಚಿದ್ದು

ಬಿರುಕು ಬೆಳೆಯಬಾರದು ಅಂದರೆ ನಕ್ಷತ್ರ ಬಿಚ್ಚಲೇಬೇಕು. ಹಳೆಯ ಸ್ಕ್ರೂ ಬಿಚ್ಚುವಾಗ ಅಂಗಡಿಯ ಸ್ಕ್ರೂಡ್ರೈವರ್ ಸೀದಾ ಹಾಕಬೇಡಿ. ಅದರ ಮೂತಿ ಬೆಣೆಯ ಹಾಗೆ ಇಳಿಜಾರು ಇರುತ್ತದೆ, ಗೀರಿನ ಮೇಲ್ತುದಿಯನ್ನಷ್ಟೇ ಹಿಡಿಯುತ್ತದೆ. ಒತ್ತಿದರೆ ಜಾರಿ ಹಿತ್ತಾಳೆಗೆ ಗೀರು ಬೀಳುತ್ತದೆ. ನಾನು ಒಂದು ಹಳೆ ಸ್ಕ್ರೂಡ್ರೈವರಿನ ಮೂತಿಯನ್ನು ಅರದಿಂದ ತಿಕ್ಕಿ, ಗೀರಿನ ತಳದವರೆಗೆ ಹೋಗಿ ಕೂರುವಂತೆ ಮಾಡಿಕೊಂಡೆ. ಅರ್ಧ ತಾಸಿನ ಕೆಲಸ. ಆಮೇಲೆ ಪ್ರತಿ ಸ್ಕ್ರೂ ತಲೆಗೂ ಬಿಸಿ ಸೋಲ್ಡರಿಂಗ್ ಕಡ್ಡಿಯನ್ನು ಒಂದು ನಿಮಿಷ ಹಿಡಿದೆ. ಮೊದಲು ತುಸು ಬಿಗಿಯುವ ಕಡೆಗೆ ಅಲುಗಿಸಿ, ಆಮೇಲೆ ಬಿಚ್ಚುವ ಕಡೆಗೆ ತಿರುಗಿಸಿದೆ. ಎಂಟರಲ್ಲಿ ಎಂಟೂ ಬಂದವು. ಒಂದು ರಟ್ಟಿನ ಮೇಲೆ ನಕ್ಷತ್ರದ ಚಿತ್ರ ಬರೆದು, ಯಾವ ಸ್ಕ್ರೂ ಎಲ್ಲಿಯದೋ ಅಲ್ಲೇ ಚುಚ್ಚಿಟ್ಟೆ. ನೋಡಲು ಒಂದೇ ತರಹ ಕಂಡರೂ ಒಂದರ ಜಾಗದಲ್ಲಿ ಇನ್ನೊಂದು ಸರಿಯಾಗಿ ಕೂರುವುದಿಲ್ಲ.

ಒಳಗೆ ಉಕ್ಕಿನ ಕಡ್ಡಿಯ ಸುತ್ತ ಕಂದು ಮೇಣದಂಥದ್ದು ಮೆತ್ತಿಕೊಂಡಿತ್ತು. ಮೂಸಿದರೆ ಕನರು ವಾಸನೆ. ಯಾರೋ ಪುಣ್ಯಾತ್ಮರು ಕೊಬ್ಬರಿ ಎಣ್ಣೆ ಹಾಕಿದ್ದರು ಅಂತ ಕಾಣುತ್ತದೆ. ಅಡುಗೆ ಎಣ್ಣೆ, ಕೊಬ್ಬರಿ ಎಣ್ಣೆ ಯಾವುದೂ ಇದಕ್ಕೆ ಆಗಿಬರುವುದಿಲ್ಲ, ಕೊನೆಗೆ ಅಂಟಾಗುತ್ತದೆ. ಸೀಮೆಎಣ್ಣೆ ಈಗ ಸಿಗುವುದು ಕಷ್ಟ. ಡೀಸೆಲ್ಲಿನಲ್ಲಿ ಒಂದು ರಾತ್ರಿ ನೆನೆಹಾಕಿ ಹಳೆ ಹಲ್ಲುಜ್ಜುವ ಬ್ರಷ್‌ನಿಂದ ತೊಳೆದೆ. ಲೋಹದ ಭಾಗ ಮಾತ್ರ. ಕಟ್ಟಿಗೆಗೆ ಡೀಸೆಲ್ ತಾಗಿದರೆ ಕಲೆ ಹೋಗುವುದಿಲ್ಲ.

ಹಿತ್ತಾಳೆ ನಕ್ಷತ್ರದ ಮೂಲೆಗಳಲ್ಲಿ ಹಸಿರು ಕಿಲುಬು ಇತ್ತು. ಉಳಿದ ಕಡೆ ಚಂದದ ಕಂದು ಬಣ್ಣ. ಆ ಕಂದು ಬಣ್ಣ ಕೂರಲು ದಶಕಗಳು ಬೇಕು. ಹಳೆ ರೀಲು ಸಂಗ್ರಹಿಸುವವರು ಅದಕ್ಕೇ ಬೆಲೆ ಕೊಡುವುದು. ಕಿಲುಬನ್ನಷ್ಟೇ ಬಿದಿರು ಕಡ್ಡಿಯಿಂದ ಕೆರೆದು ತೆಗೆಯೋಣ, ಉಳಿದದ್ದು ಹಾಗೇ ಇರಲಿ ಅಂದುಕೊಂಡು ಅಡುಗೆಮನೆಯ ಕಿಟಕಿಯಲ್ಲಿ ಇಟ್ಟು ಕೆಲಸಕ್ಕೆ ಹೋದೆ.

ಅದು ಶ್ರಾವಣ. ಅವ್ವ ದೇವರ ಸಾಮಾನು ಬೆಳಗಲು ತೆಗೆದಿದ್ದಳು. ಸಂಜೆ ಬಂದು ನೋಡಿದರೆ ಸಮೆ, ಗಂಟೆ, ಆರತಿ ತಟ್ಟೆಯ ಜೊತೆ ನನ್ನ ನಕ್ಷತ್ರವೂ ಬಂಗಾರದ ಹಾಗೆ ಹೊಳೆಯುತ್ತ ಕೂತಿತ್ತು. ಹುಣಸೆಹಣ್ಣು ಹಚ್ಚಿ ತಿಕ್ಕಿದ್ದಾಳೆ, ಎರಡೂ ಬದಿ, ಮೂಲೆಮೂಲೆ.

"ಎಷ್ಟು ಕಿಲುಬು ಹಿಡಿದಿತ್ತೋ! ಮೂರು ಸಲ ತಿಕ್ಕಿದೆ ನೋಡು" ಅಂದಳು. ಆಕೆಯ ಮುಖದಲ್ಲಿದ್ದ ಸಂತೋಷ ನೋಡಿ ನಾನು "ಛಲೋ ಆತು ಬಿಡವ್ವಾ" ಅಂದೆ. ಬೇರೇನು ಹೇಳಲಿ? ಹುಳಿ ಉಳಿದರೆ ಮತ್ತೆ ಕಿಲುಬು ಬರುತ್ತದೆ ಅಂತ ಸೋಡಾಪುಡಿ ನೀರಿನಲ್ಲಿ ತೊಳೆದು ಒರೆಸಿಟ್ಟೆ.

ಒಂದು ಲಾಭವಾಯಿತು. ಹೊಳಪಿನ ನಕ್ಷತ್ರದ ಒಂದು ಕೈಯ ಅಡಿಯಲ್ಲಿ ಅರದಿಂದ ಹಾಕಿದ ಮೂರು ಸಣ್ಣ ಗೀರು ಕಂಡವು. ಕಟ್ಟಿಗೆಯ ತಟ್ಟೆಯ ಅಂಚನ್ನು ಒರೆಸಿ ನೋಡಿದರೆ ಅಲ್ಲೂ ಮೂರು ಗೀರು. ಮಾಡಿದವರು ಯಾವ ಕೈ ಯಾವ ಕಡೆ ಬರಬೇಕು ಅಂತ ಗುರುತು ಹಾಕಿಕೊಂಡಿದ್ದರು. ಹುಣಸೆಹಣ್ಣು ಇಲ್ಲದಿದ್ದರೆ ಇದು ನನ್ನ ಕಣ್ಣಿಗೆ ಬೀಳುತ್ತಿರಲಿಲ್ಲ.

ಸೆಪ್ಟೆಂಬರ್ ಕೊನೆ

ಕಪಾಟಿನಲ್ಲಿದ್ದ ಗಾಲಿಯನ್ನು ವಾರಕ್ಕೊಮ್ಮೆ ಅಳೆಯುತ್ತಿದ್ದೆ. ಎಳೆಗೆ ಅಡ್ಡಲಾಗಿ 102.6 ಇದ್ದದ್ದು 102.3 ಆಯಿತು, 102.0 ಆಯಿತು. ಸೆಪ್ಟೆಂಬರ್ ಕೊನೆಯ ಭಾನುವಾರ 101.8. ಉದ್ದದ ಅಳತೆ ಅವತ್ತಿಗೂ 101.5, ಕೂದಲಷ್ಟೂ ಕದಲಿಲ್ಲ. ತಟ್ಟೆಯ ಮೇಲೆ ಕೂರಿಸಿ ಬೆರಳಿನಿಂದ ತಳ್ಳಿದೆ. ತಿರುಗಿತು, ಪೂರ್ತಿ. ಎಲ್ಲೂ ಉಜ್ಜಿರಲಿಲ್ಲ.

ಬಿರುಕಿಗೆ ಅರಾಲ್ಡೈಟ್ ಹಾಕಿದೆ. ಮಂದ ಇರುತ್ತದಲ್ಲ, ಬಿರುಕಿನೊಳಗೆ ಇಳಿಯುವುದಿಲ್ಲ. ಹಾಗಾಗಿ ಕಟ್ಟಿಗೆಯನ್ನು ಹೇರ್ ಡ್ರೈಯರ್‌ನಿಂದ ಉಗುರು ಬೆಚ್ಚಗೆ ಮಾಡಿಕೊಂಡೆ. ಬೆಚ್ಚಗಿನ ಕಟ್ಟಿಗೆ ತಾಗಿದ ಅಂಟು ನೀರಾಗಿ ಒಳಗೆ ಹೋಯಿತು. ಸೈಕಲ್ ಟ್ಯೂಬ್ ಕತ್ತರಿಸಿದ ಪಟ್ಟಿಯನ್ನು ಅಂಚಿಗೆ ಬಿಗಿಯಾಗಿ ಸುತ್ತಿ ಒಂದು ದಿನ ಬಿಟ್ಟೆ. ದುಂಡನೆಯ ಸಾಮಾನಿಗೆ ಇದಕ್ಕಿಂತ ಒಳ್ಳೆಯ ಶಿಕಂಜೆ ನನಗೆ ಗೊತ್ತಿಲ್ಲ.

ಇನ್ನೊಂದು ಕೆಲಸ ಮಾಡಿದೆ. ಶುದ್ಧ ಸಂಗ್ರಹಕಾರರು ಇದಕ್ಕೆ ಬೈಯಬಹುದು. ನಕ್ಷತ್ರದ ಎರಡು ಕೈಗಳು ಎಳೆಗೆ ಅಡ್ಡಲಾಗಿ ಬರುತ್ತವೆ. ಆ ಕೈಗಳ ತೂತುಗಳನ್ನು ಸೂಜಿ ಅರದಿಂದ ಅರ್ಧ ಮಿಲಿಮೀಟರ್ ಉದ್ದ ಮಾಡಿದೆ. ಸ್ಕ್ರೂ ತಲೆಯ ಅಡಿಯಲ್ಲಿ ಅದು ಕಾಣುವುದಿಲ್ಲ. ಸ್ಕ್ರೂಗಳನ್ನು ಹಿತವಾಗಿ ಬಿಗಿದೆ, ಮುರಿಯುವಂತೆ ಬಿಗಿಯಲಿಲ್ಲ. ಈಗ ಕಟ್ಟಿಗೆ ಕುಗ್ಗಬೇಕು ಅನ್ನಿಸಿದರೆ ಕುಗ್ಗಲು ಜಾಗವಿದೆ. ಗಾಜಿನ ಪೆಟ್ಟಿಗೆಯಲ್ಲಿಡುವ ರೀಲಾದರೆ ನಾನು ಇದನ್ನು ಮುಟ್ಟುತ್ತಿರಲಿಲ್ಲ. ಇದನ್ನು ನೀರಿಗೆ ಒಯ್ಯುವ ಆಸೆ ಇತ್ತು.

ಕಟ್ಟಿಗೆಗೆ ಯಾವ ಎಣ್ಣೆ? ಇದಕ್ಕೆ ದೂರ ಹೋಗಬೇಕಿಲ್ಲ. ನಮ್ಮ ಕಡೆ ಅಗಸಿ ಹಿಂಡಿ ಇಲ್ಲದ ಊಟವಿಲ್ಲ. ಅದೇ ಅಗಸೆಯ ಎಣ್ಣೆಯನ್ನೇ ಇಂಗ್ಲೆಂಡಿನಲ್ಲೂ ಬಂದೂಕಿನ ಹಿಡಿಗೆ, ಕ್ರಿಕೆಟ್ ಬ್ಯಾಟಿಗೆ ಬಳಿಯುತ್ತಿದ್ದದ್ದು. ಅಗಸೆ ಎಣ್ಣೆ ಗಾಳಿ ಹೀರಿ ಗಟ್ಟಿಯಾಗುತ್ತದೆ, ಕೊಬ್ಬರಿ ಎಣ್ಣೆಯ ಹಾಗೆ ಒಣಗದೆ ಉಳಿಯುವುದಿಲ್ಲ. ಕುಸುಬೆ ಎಣ್ಣೆಗೂ ಈ ಗುಣ ಇದೆ, ತುಸು ನಿಧಾನ. ಗಾಣದ ಅಂಗಡಿಯಿಂದ ನೂರು ಮಿಲಿ ತಂದು, ಬಟ್ಟೆಯಲ್ಲಿ ತೆಳ್ಳಗೆ ಸವರಿ, ಇಪ್ಪತ್ತು ನಿಮಿಷ ಬಿಟ್ಟು ಪೂರ್ತಿ ಒರೆಸಿದೆ. ಒರೆಸದೆ ಬಿಟ್ಟರೆ ಜಿಗುಟಾಗಿ ನೊಣ ಅಂಟುತ್ತದೆ. ಹಸಿ ಎಣ್ಣೆಯಾದ್ದರಿಂದ ಒಂದು ಕೈ ಒಣಗಲು ಐದಾರು ದಿನ ಹಿಡಿಯಿತು. ಮೂರು ಕೈ ಹಚ್ಚಿದೆ.

ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಕಾಯುತ್ತದೆ. ಮುದ್ದೆಯೊಳಗೆ ಕಾವು ಸೇರಿ ಬಟ್ಟೆಗೆ ತಾನಾಗಿಯೇ ಬೆಂಕಿ ಹತ್ತಬಹುದು. ನಾನು ನೀರಿನಲ್ಲಿ ನೆನೆಸಿ, ಹಿತ್ತಲಲ್ಲಿ ಬಿಡಿಸಿ ಹರವಿ, ಒಣಗಿದ ಮೇಲೆ ಎಸೆದೆ.

ಕ್ಲಿಕ್

ಗಾಲಿ ತಿರುಗಿತು, ಆದರೆ ಮೂಕ. ಇಂಥ ರೀಲಿನ ಹಿಂದೆ ಒಂದು ಗುಂಡಿ ಇರುತ್ತದೆ. ಅದನ್ನು ಸರಿಸಿದರೆ ಒಳಗೆ ಒಂದು ಸಣ್ಣ ಹಲ್ಲು ಹೋಗಿ ಗಾಲಿಯ ಬೆನ್ನಿನ ಹಲ್ಲುಚಕ್ರಕ್ಕೆ ತಾಗುತ್ತದೆ. ಮೀನು ದಾರ ಎಳೆದರೆ 'ಟರ್‍ರ್' ಅಂತ ಸದ್ದು. ಸದ್ದಿಗಿಂತ ಮುಖ್ಯ, ದಾರ ತಾನಾಗಿ ಬಿಚ್ಚಿಕೊಳ್ಳದಂತೆ ಅದು ತಡೆಯುತ್ತದೆ. ನನ್ನದರಲ್ಲಿ ಹಲ್ಲು ಇತ್ತು, ಅದನ್ನು ಒತ್ತಿ ಹಿಡಿಯುವ ಸ್ಪ್ರಿಂಗ್ ಪಟ್ಟಿ ಮುರಿದು ಅರ್ಧ ಉಳಿದಿತ್ತು.

ಇನ್ನು ಕಾಕಾನ ಹತ್ತಿರ ಹೋಗದೆ ಗತಿಯಿಲ್ಲ. ಬಿರುಕು ನೋಡಿದರು. ಏನೂ ಅನ್ನಲಿಲ್ಲ. ಅದೇ ಬೈಗುಳ. ಆಮೇಲೆ ಒಳಗಿನ ಹಲ್ಲು ನೋಡಿ ಕಣ್ಣರಳಿಸಿದರು.

"ಇದು ನಮ್ಮ ಕ್ಲಿಕ್ ಅಲ್ಲೇನೋ!"

ಗಡಿಯಾರದವರು ಈ ಹಲ್ಲಿಗೆ ಕ್ಲಿಕ್ ಅಂತಲೇ ಅನ್ನುತ್ತಾರೆ. ಕೀ ಕೊಟ್ಟ ಸ್ಪ್ರಿಂಗ್ ಹಿಂದಕ್ಕೆ ಬಿಚ್ಚದಂತೆ ಹಿಡಿಯುವುದು ಅದೇ. ನಾನು ಆಗ ಹೇಳಿದೆ: ಸ್ವೀಡನ್ನಿನ ಅಬು ಅನ್ನುವ ರೀಲ್ ಕಂಪನಿ 1921ರಲ್ಲಿ ಹುಟ್ಟಿದ್ದೇ ಗಡಿಯಾರದ ಕಾರ್ಖಾನೆಯಾಗಿ. ಹೆಸರಿನ ಅರ್ಥವೇ ಗಡಿಯಾರ ಕಾರ್ಖಾನೆ. ಆಮೇಲೆ ಟ್ಯಾಕ್ಸಿ ಮೀಟರ್ ಮಾಡಿದರು, ಆಮೇಲೆ ರೀಲು. 1952ರಲ್ಲಿ ಬಂದ ಅವರ ಕೆಂಪು ಅಂಬಾಸಡರ್ 5000 ರೀಲಿಗೆ ಇವತ್ತಿಗೂ ಜನ ಹುಚ್ಚರಾಗುತ್ತಾರೆ. ನನ್ನ ಕಪಾಟಿನಲ್ಲಿರುವ ಮಿಚೆಲ್ 300 ಬಂದದ್ದು ಫ್ರಾನ್ಸಿನ ಕ್ಲೂಜ್ ಊರಿನಿಂದ. ಅದೂ ಗಡಿಯಾರದ ಬಿಡಿಭಾಗ ಮಾಡುವವರ ಕಣಿವೆ. ಕಾಕಾ ಎಲ್ಲ ಕೇಳಿಸಿಕೊಂಡು, "ಹಂಗಾದ್ರ ನಾ ಸುಮ್ನ ಊರು ತಪ್ಪಿ ಹುಟ್ಟೇನಿ" ಅಂದರು.

ಹಳೆ ಗೋಡೆ ಗಡಿಯಾರದ ಮುರಿದ ಸ್ಪ್ರಿಂಗಿನಿಂದ ಒಂದು ತುಂಡು ಕೊಟ್ಟರು. ನೀಲಿ ಉಕ್ಕು. ಮನೆಗೆ ತಂದು ಇಕ್ಕಳದಲ್ಲಿ ಹಿಡಿದು ಬಾಗಿಸಿದೆ. ಟಪ್ ಅಂತ ಮುರಿಯಿತು. ಎರಡನೇ ತುಂಡನ್ನು ಗ್ಯಾಸ್ ಒಲೆಯ ಮೇಲೆ ಕೆಂಪಗೆ ಕಾಯಿಸಿ ನಿಧಾನ ಆರಲು ಬಿಟ್ಟೆ. ಮೆತ್ತಗಾಯಿತು. ಬಾಗಿಸಿದೆ, ತೂತು ಕೊರೆದೆ, ಜಾಗದಲ್ಲಿ ಕೂರಿಸಿದೆ. ಒತ್ತಿದರೆ ಒತ್ತಿದಂತೆಯೇ ಉಳಿಯಿತು. ತವರದ ಪಟ್ಟಿಗೂ ಅದಕ್ಕೂ ಫರಕೇ ಇಲ್ಲ.

ಮೂರನೆಯದನ್ನು ಕಾಕಾ ಎದುರಿಗೇ ಕೂತು ಮಾಡಿದ್ದು. ಮೆತ್ತಗೆ ಮಾಡಿ ಆಕಾರ ಕೊಟ್ಟ ಮೇಲೆ ಮತ್ತೆ ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿದೆವು. ಈಗ ಅದು ಗಾಜಿನ ಹಾಗೆ ಗಟ್ಟಿ, ಬಿದ್ದರೂ ಮುರಿಯುತ್ತದೆ. ಪಾಲಿಷ್ ಪೇಪರಿನಿಂದ ತಿಕ್ಕಿ ಬೆಳ್ಳಗೆ ಮಾಡಿಕೊಂಡೆವು. ಕಾಕಾ ಒಂದು ಸಣ್ಣ ತಗಡಿನ ತಟ್ಟೆಯಲ್ಲಿ ಹಿತ್ತಾಳೆ ಪುಡಿ ಹರವಿ, ಪಟ್ಟಿಯನ್ನು ಅದರ ಮೇಲಿಟ್ಟು, ಕೆಳಗೆ ಸ್ಪಿರಿಟ್ ದೀಪ ಹಿಡಿದರು. ಪುಡಿ ಇದ್ದರೆ ಕಾವು ಎಲ್ಲ ಕಡೆ ಒಂದೇ ಸಮ ಸಿಗುತ್ತದೆ. ಬೆಳ್ಳಗಿದ್ದ ಉಕ್ಕು ಒಣಹುಲ್ಲಿನ ಬಣ್ಣ ತಾಳಿತು. ಆಮೇಲೆ ಕಂದು, ಆಮೇಲೆ ನೇರಳೆ. ನನಗೆ ಉಸಿರು ಬಿಗಿಯಾಯಿತು. ನೀಲಿ ಬಂದ ಕ್ಷಣ ಚಿಮಟದಲ್ಲಿ ಎತ್ತಿ ಪಕ್ಕಕ್ಕಿಟ್ಟರು. ಆ ನೀಲಿ ಸುಮಾರು 300 ಡಿಗ್ರಿ ಸೆಲ್ಸಿಯಸ್‌ಗೆ ಬರುತ್ತದೆ. ಕಾಕಾ ಹತ್ತಿರ ಥರ್ಮಾಮೀಟರ್ ಇಲ್ಲ. ಅರವತ್ತೆಂಟು ವರ್ಷದ ಕಣ್ಣಿದೆ.

ಪಟ್ಟಿ ಕೂರಿಸುವ ಸ್ಕ್ರೂ ಕಳೆದುಹೋಗಿತ್ತು. ನಮ್ಮ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವುದೆಲ್ಲ ಮೆಟ್ರಿಕ್ ಆಂಟೆ (ಸ್ಕ್ರೂವಿನ ಮೈಮೇಲಿನ ಸುತ್ತುಗೀರು). ತೂತಿಗೆ ಬೇಕಿದ್ದು ಬ್ರಿಟಿಷರ ಬಿ.ಎ. (ಬ್ರಿಟಿಷ್ ಅಸೋಸಿಯೇಷನ್) ಅಳತೆ, 4 ಬಿ.ಎ. 3.6 ಮಿಲಿಮೀಟರ್ ದಪ್ಪ, ಆಂಟೆಯಿಂದ ಆಂಟೆಗೆ 0.66. ಎಂ4 ಸ್ಕ್ರೂ ಹಾಕಿ ಒತ್ತಿ ತಿರುಗಿಸಿದರೆ ಹಿತ್ತಾಳೆಯ ಆಂಟೆ ಹಾಳು. ಹಿಂದೆ ಕರೆಂಟಿನ ಸಾಮಾನಿಗೆ ಬಿ.ಎ. ಸ್ಕ್ರೂ ಹಾಕುವುದು ರೂಢಿ ಇತ್ತಲ್ಲ, ಹಾಗಾಗಿ ಹಳೆ ಕಪ್ಪು ಬೇಕಲೈಟ್ ಸ್ವಿಚ್ಚುಗಳನ್ನು ಬಿಚ್ಚಿ ನೋಡಿದೆ. ಐದನೇ ಸ್ವಿಚ್ಚಿನಲ್ಲಿ ಸಿಕ್ಕಿತು. ಉದ್ದ ಜಾಸ್ತಿ ಇತ್ತು, ಕತ್ತರಿಸಿ ಹಾಕಿದೆ.

ಗುಂಡಿ ಸರಿಸಿ ಗಾಲಿ ತಿರುಗಿಸಿದಾಗ ಬಂದ ಸದ್ದಿಗೆ ಕಾಕಾ ತಲೆ ಓರೆ ಮಾಡಿ ಕಿವಿಗೊಟ್ಟರು. "ಒಂದ ಹಲ್ಲು ಕುಂಟತೈತಿ" ಅಂದರು. ನೋಡಿದರೆ ನಿಜ. ಚಕ್ರದ ಒಂದು ಹಲ್ಲು ಅರ್ಧ ಸವೆದಿದೆ. ಅದನ್ನು ಹಾಗೇ ಬಿಟ್ಟೆ.

ಹಿಡಿಕೆಯ ಕೆಲಸ ಬೇಗ ಮುಗಿಯಿತು. ಉಳಿದ ಹಿಡಿಕೆ ಕೋಣದ ಕೊಂಬಿನದು. ನನಗೆ ಕೊಂಬು ಸಿಗಲಿಲ್ಲ. ಮಾವನ ಹೊಲದ ಮನೆಯಲ್ಲಿ ಮುರಿದ ಕೂರಿಗೆಯ ತುಂಡು ಬಿದ್ದಿತ್ತು, ಜಾಲಿ ಕಟ್ಟಿಗೆ. ಗಾಡಿ ಗಾಲಿಗೂ ಕೂರಿಗೆಗೂ ನಮ್ಮವರು ಜಾಲಿಯನ್ನೇ ಆರಿಸುವುದು ಅದು ಸವೆಯುವುದಿಲ್ಲ ಅಂತ. ಡ್ರಿಲ್ ಮಷಿನ್ನಿಗೆ ಸಿಕ್ಕಿಸಿ, ಅರ ಹಿಡಿದು ದುಂಡಗೆ ಮಾಡಿದೆ. ಒಂದು ಕಪ್ಪು, ಒಂದು ಕೆಂಪು ಕಂದು. ಕಪ್ಪು ಬಳಿದು ಜೋಡಿ ಮಾಡು ಅಂತ ಹೆಂಡತಿ ಹೇಳಿದಳು. ಬೇಡ ಅಂದೆ. ಯಾವುದು ಅವರದ್ದು, ಯಾವುದು ನನ್ನದು ಅಂತ ಮುಂದೆ ಬಿಚ್ಚುವವರಿಗೆ ತಿಳಿಯಬೇಕಲ್ಲ.

ಡಿಸೆಂಬರ್, ಹಿನ್ನೀರಿನ ದಂಡೆ

ದಾರದ ವಿಷಯದಲ್ಲಿ ಒಂದು ಎಚ್ಚರ. ಹಳೆ ರೀಲಿಗೆ ನೈಲಾನ್ ದಾರವನ್ನು ಬಿಗಿಯಾಗಿ ಸುತ್ತಬೇಡಿ. ನೈಲಾನ್ ಎಳೆದರೆ ಉದ್ದವಾಗುತ್ತದೆ, ಸುತ್ತಿದ ಮೇಲೆ ಮೊದಲಿನ ಉದ್ದಕ್ಕೆ ಮರಳಲು ನೋಡುತ್ತದೆ. ನೂರಾರು ಸುತ್ತಿನ ಆ ಹಿಸುಕು ಸೇರಿ ಗಾಲಿಯ ಪಕ್ಕಗಳನ್ನೇ ಬಿಚ್ಚಿಹಾಕಬಹುದು. ಈ ರೀಲು ಹುಟ್ಟಿದಾಗ ರೇಷ್ಮೆ ದಾರದ ಕಾಲ. ನೈಲಾನ್ ಮಾರುಕಟ್ಟೆಗೆ ಬಂದದ್ದು 1930ರ ದಶಕದ ಕೊನೆಗೆ. ನಾನು ಅಡಿಗೆ ಹತ್ತಿಯ ದಾರ ಮೆತ್ತೆಯಾಗಿ ಸುತ್ತಿ, ಮೇಲೆ ಐವತ್ತು ಮೀಟರ್ ತೆಳು ನೈಲಾನ್ ಸಡಿಲಾಗಿ ಹಾಕಿದೆ. ಕಡ್ಡಿಗೆ ಹೊಲಿಗೆ ಯಂತ್ರದ ಎಣ್ಣೆ, ಎರಡೇ ಹನಿ.

ಕಾಕಾನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹಳೆ ಊರಿನ ಕಡೆ ಹೋದೆ. ನೀರು ಇನ್ನೂ ಜಾಸ್ತಿ ಇತ್ತು. ಎರೆಹುಳು ಸಿಕ್ಕಿಸಿ ಬೀಸಿದೆ.

ಇಲ್ಲಿ ನನ್ನ ಅಜ್ಞಾನ ಬಯಲಾಯಿತು. ಮಿಚೆಲ್ ತರಹದ ರೀಲಿನಲ್ಲಿ ಗಾಲಿ ಅಲುಗದೆ ನಿಂತಿರುತ್ತದೆ, ದಾರ ಅದರ ಮೂತಿಯಿಂದ ಜಾರಿ ಹೋಗುತ್ತದೆ. 1905ರಲ್ಲಿ ಇಂಗ್ಲೆಂಡಿನ ಬ್ರಾಡ್‌ಫೋರ್ಡಿನ ಇಲಿಂಗ್‌ವರ್ತ್ ಎಂಬ ಜವಳಿ ಗಿರಣಿ ಮಾಲೀಕರು ಆ ಬಗೆಗೆ ಪೇಟೆಂಟ್ ಪಡೆದರು. ಗಿರಣಿಯ ಲಾಳಿಯಿಂದ ನೂಲು ಬಿಚ್ಚುವುದನ್ನು ನೋಡಿ ಹೊಳೆದದ್ದಂತೆ. ನನ್ನ ಕಟ್ಟಿಗೆಯ ರೀಲು ಅದಕ್ಕೂ ಹಿಂದಿನ ಬುದ್ಧಿ. ಇಲ್ಲಿ ಗಾಲಿಯೇ ತಿರುಗಬೇಕು, ನಿಲ್ಲಿಸುವುದು ಬೆರಳು. ಬೆಂಡು ನೀರು ಮುಟ್ಟಿತು, ನನ್ನ ಬೆರಳು ಅರ್ಧ ಕ್ಷಣ ತಡವಾಯಿತು. ಗಾಲಿ ಜೋರಾಗಿ ತಿರುಗುತ್ತಲೇ ಇತ್ತು. ದಾರ ಗುಬ್ಬಿ ಗೂಡಾಯಿತು.

ಕಾಕಾ ಜೇಬಿನಿಂದ ಗಡಿಯಾರದ ಚಿಮಟ ತೆಗೆದರು. ಕಲ್ಲಿನ ಮೇಲೆ ಕೂತು ಕನ್ನಡಕ ಹಣೆಗೇರಿಸಿ ಒಂದೊಂದೇ ಎಳೆ ಬಿಡಿಸಿದರು. ಮುಕ್ಕಾಲು ತಾಸು. ಆಮೇಲೆ ಬೀಸಲಿಲ್ಲ. ರೀಲಿನಿಂದ ಕೈಯಿಂದಲೇ ನಾಲ್ಕು ಮಾರು ದಾರ ಎಳೆದು ಸಡಿಲ ಬಿಟ್ಟು, ಬೆಂಡನ್ನು ಮೆಲ್ಲಗೆ ತೂರಿದೆ. ಗಾಳಿ ಅದನ್ನು ತಳ್ಳಿಕೊಂಡು ಹೋಯಿತು, ಗಾಲಿ ಸದ್ದಿಲ್ಲದೆ ತಿರುಗಿತು. ಸಂಜೆಯ ಹೊತ್ತಿಗೆ ಅಂಗೈ ಉದ್ದದ ಒಂದು ತಿಲಾಪಿಯಾ ಕಚ್ಚಿತು. ಕ್ಲಿಕ್ ಕೂಗಿತು, ಕುಂಟ ಹಲ್ಲಿನ ಸಮೇತ. ಮೀನು ದಂಡೆಗೆ ಬರುವ ಮೊದಲೇ ಕಳಚಿಕೊಂಡಿತು.

ಮನೆಗೆ ಬಂದು ರೀಲು ಒರೆಸಿ, ಬೈಕ್ ಮೆಕ್ಯಾನಿಕ್ ಕೊಟ್ಟಿದ್ದ ಫೀಲರ್ ಗೇಜಿನಿಂದ ಗಾಲಿ ಮತ್ತು ತಟ್ಟೆಯ ಅಂಚಿನ ನಡುವಿನ ಸಂದು ಅಳೆದೆ. ಎಳೆ ಅಡ್ಡಡ್ಡ ನಿಂತಾಗ, ಅಂದರೆ ತೀರಾ ಬಿಗಿ ಇರುವ ಜಾಗದಲ್ಲಿ, 0.35 ಮಿಲಿಮೀಟರ್. ತಟ್ಟೆಯ ಒಳಬದಿಯಲ್ಲಿ ಪೆನ್ಸಿಲಿನಿಂದ ಅಷ್ಟನ್ನೇ ಬರೆದಿಟ್ಟಿದ್ದೇನೆ: ಡಿಸೆಂಬರ್, 0.35. ಪಕ್ಕದಲ್ಲಿ ಜಾಗ ಬಿಟ್ಟಿದ್ದೇನೆ. ಮಿರಗದ ಮಳೆ ಬಿದ್ದ ಮೇಲೆ ಮತ್ತೆ ಗೇಜ್ ಹಾಕಿ ನೋಡಬೇಕು.